ಮೈಗೀಲಿ ಮರೆತ ಹೆಂಗಸು

ಅಂಗೈಯಗಲದ ಕೈಗಣಕದ ಮೇಲೆ ದಾನೇಶ್ವರಿ ಹೆಬ್ಬೆರಳನ್ನು ಒತ್ತಿ ಹಿಡಿದಳು. ಗಣಕದ ಅಂಚಿನಲ್ಲಿ ನೀಲಿ ಬೆಳಕು ಒಮ್ಮೆ ಓಡಿತು. ಅದು ಅವಳ ನಾಡಿಯನ್ನು ಎಣಿಸಿತು, ಉಸಿರು ಎಲ್ಲಿ ತಡೆಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಆಲಿಸಿತು, ಕಣ್ಣಿಗೆ ಕಾಣದಷ್ಟು ಸಣ್ಣದಾದ ಬೆರಳಿನ ನಡುಕವನ್ನು ಅಳೆಯಿತು, ಚರ್ಮದ ತೇವ ನೋಡಿತು. ಇಷ್ಟಕ್ಕೆ ಮೂರು ಉಸಿರಿನ ಹೊತ್ತು ಸಾಕು. ಆಮೇಲೆ ಬಹಳ ಮರ್ಯಾದೆಯಿಂದ, "ಕ್ಷಮಿಸಿ, ಈ ಹತ್ತೊಂಬತ್ತು ಕಡತಗಳು ಬೇರೊಬ್ಬರವು" ಎಂದಿತು.

"ಬ್ಯಾರೆಯವರವು ಅಂದ್ರ ಯಾರವು?" ಎಂದು ದಾನೇಶ್ವರಿ ಅದನ್ನೇ ಕೇಳಿದಳು.

ಗಣಕ ಸುಮ್ಮನಿತ್ತು. ಅದಕ್ಕೆ ಸಭ್ಯತೆ ಕಲಿಸಿದವರು ವಾದ ಮಾಡುವುದನ್ನು ಕಲಿಸಿರಲಿಲ್ಲ. ಬೆಳಗಿನಿಂದ ಇದು ಹದಿನಾಲ್ಕನೆಯ ಸಲ. ಕೈ ತೊಳೆದು, ಸೆರಗಿಗೆ ಒರೆಸಿ, ಬಲಗೈ ಬಿಟ್ಟು ಎಡಗೈಯಿಂದ, ನಿಂತು, ಕೂತು, ಕಡೆಗೆ ದೇವರ ಗೂಡಿನ ಮುಂದೆ ಹಿಡಿದೂ ನೋಡಿದ್ದಳು. ಕಡತಗಳು ಎಲ್ಲೂ ಹೋಗಿರಲಿಲ್ಲ. ಪರದೆಯ ಮೇಲೆ ಹತ್ತೊಂಬತ್ತು ಹೆಸರುಗಳೂ ಸಾಲಾಗಿ ಕಾಣುತ್ತಿದ್ದವು, ದಿನಾಂಕ ಸರಿಯಿತ್ತು, ಗಾತ್ರ ಸರಿಯಿತ್ತು. ತೆರೆಯುತ್ತಿರಲಿಲ್ಲ, ಅಷ್ಟೆ.

ಜನ ಗುಟ್ಟುಪದಗಳನ್ನು ಬಿಟ್ಟು ಆಗಲೇ ಇಪ್ಪತ್ತು ವರ್ಷವಾಗಿತ್ತು. ಹೊಸ ಗಣಕಗಳು ಎಂಥ ಗುಟ್ಟುಪದವನ್ನಾದರೂ ಚಹಾ ಕುಡಿದು ಮುಗಿಸುವುದರೊಳಗೆ ಊಹಿಸಿಬಿಡುತ್ತಿದ್ದವು. ಬೆರಳಚ್ಚನ್ನು ಲೋಟದ ಮೇಲಿಂದ ಕದಿಯುತ್ತಿದ್ದರು, ಮುಖವನ್ನು ಮುಖವಾಡದಲ್ಲಿ ಅಚ್ಚೊತ್ತುತ್ತಿದ್ದರು. ಆಗ ಬಂದದ್ದು ಮೈಗೀಲಿ. ಮನುಷ್ಯನ ಮೈ ಹೇಗೆ ಕಾಣುತ್ತದೆ ಎನ್ನುವುದನ್ನು ಬಿಟ್ಟು ಅದು ಹೇಗೆ ನಡೆದುಕೊಳ್ಳುತ್ತದೆ ಎನ್ನುವುದನ್ನೇ ಕೀಲಿಯಾಗಿಸುವ ಉಪಾಯ. ನಾಡಿ, ಉಸಿರು, ನಡುಕ, ಬೆವರು ಎಂಬ ನಾಲ್ಕು ಎಳೆಗಳನ್ನು ಹೊಸೆದು ಅದು ಒಂದು ಹುರಿ ಮಾಡುತ್ತಿತ್ತು. ಆ ಹುರಿಯಿಂದ ಕಡತಗಳನ್ನು ಗೂಢಲಿಪಿಗೆ ತಿರುಗಿಸಿಬಿಟ್ಟರೆ ಮುಗಿಯಿತು, ಆ ಮೈ ಬಿಟ್ಟು ಬೇರೆ ಮೈಗೆ ಅವು ತೆರೆಯಲಾರವು. ಅವಳಿಜವಳಿಗಳ ಹುರಿ ಕೂಡ ಬೇರೆ ಬೇರೆ. ಎರಡು ಮೈಗಳ ಹುರಿ ಒಂದೇ ಆಗಬೇಕಾದರೆ ಭೂಮಿಯ ಜನಸಂಖ್ಯೆ ಸಾವಿರಪಟ್ಟು ಆಗಬೇಕು ಎಂದು ವಿಜ್ಞಾನಿಗಳು ಸರ್ಕಾರದ ಮುಂದೆ ಲಿಖಿತವಾಗಿ ಹೇಳಿದ್ದರು. ನ್ಯಾಯಾಲಯಗಳೂ ಒಪ್ಪಿದ್ದವು. ಮೈಗೀಲಿಯಿಂದ ತೆರೆದ ಕಡತಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ತಪ್ಪು ಆದದ್ದು ಆಯುಧಪೂಜೆಯ ಖಂಡೇನವಮಿಯ ದಿನ. ವಿಜಯಪುರದ ರೊಟ್ಟಿ ಕೇಂದ್ರಗಳಲ್ಲಿ ಆ ಹಬ್ಬಕ್ಕೆ ಹಂಚು, ಅಗಲ ತಟ್ಟೆಯ ಪರಾತ, ಹಿಟ್ಟು ನಾದುವ ಯಂತ್ರ ಎಲ್ಲವನ್ನೂ ತೊಳೆದು ವಿಭೂತಿ ಕುಂಕುಮ ಹಚ್ಚುವುದು ಹಳೆಯ ಪದ್ಧತಿ. ಗಣಕಗಳು ಬಂದ ಮೇಲೆ ಅವಕ್ಕೂ ಹಚ್ಚಿದರು. ಹೊರಗಿನಿಂದ ಒರೆಸಿದರೆ ಸಾಕೇ, ಒಳಗಿನ ಕೊಳೆ ಎಲ್ಲಿ ಹೋಗಬೇಕು ಎಂದು ಯಾರಿಗೋ ಅನ್ನಿಸಿತು. ಅಂದಿನಿಂದ ಹಬ್ಬದ ಮುಂಜಾನೆ ಎಲ್ಲ ಗಣಕಗಳ ಮೂಲತಂತ್ರವನ್ನು, ಅಂದರೆ ಗಣಕವನ್ನು ನಡೆಸುವ ತಳಹದಿಯ ಏರ್ಪಾಟನ್ನೇ, ಅಳಿಸಿ ಹೊಸದಾಗಿ ಕೂಡಿಸುವುದು ರೂಢಿಯಾಯಿತು. ಅದಕ್ಕೆ ಹೆಂಗಸರು ಇಟ್ಟ ಹೆಸರು 'ಒಳಜಳಕ', ಒಳಗಿನ ಸ್ನಾನ. ತಾಯಿಯ ತಂಗಿ, ಚಿಗವ್ವ ಕಾಶೀಬಾಯಿ ನಡೆಸುತ್ತಿದ್ದ ಕೇಂದ್ರದಲ್ಲಿ ಒಳಜಳಕದ ಹೊಣೆ ದಾನೇಶ್ವರಿಯದು. ತಕ್ಕಡಿಯ ಗಣಕ ಆಯಿತು, ಒಲೆಯದಾಯಿತು, ತನ್ನದೊಂದನ್ನು ಯಾಕೆ ಮೈಲಿಗೆ ಬಿಡಬೇಕೆಂದು ಅದಕ್ಕೂ ಮಾಡಿದಳು. ಎಚ್ಚರಿಕೆಯ ಹೆಂಗಸು, ಮೊದಲೇ ಹತ್ತೊಂಬತ್ತೂ ಕಡತಗಳನ್ನು ಎರಡು ಕಡೆ ನಕಲು ಮಾಡಿ ಇಟ್ಟಿದ್ದಳು. ಗಣಕ ಏನೇನೋ ಪ್ರಶ್ನೆ ಕೇಳಿತು. ಎಲ್ಲರೂ ಮಾಡುವಂತೆ ಓದದೆಯೇ 'ಹೌದು', 'ಹೌದು' ಎಂದು ಒತ್ತುತ್ತ ಹೋದಳು. ಗಣಕ ಥಳಥಳಿಸಿತು. ಅದಕ್ಕೊಂದು ಸೇವಂತಿಗೆ ಹೂ ಏರಿಸಿ ಕೈ ಮುಗಿದಳು.

ಅಲ್ಲಿಂದ ಹನ್ನೊಂದು ದಿನಕ್ಕೆ ಕುಟುಂಬ ನ್ಯಾಯಾಲಯದಲ್ಲಿ ವಿಚಾರಣೆ. ಆರು ವರ್ಷದ ಹಿಂದೆ ಬಿಟ್ಟು ಬಂದ ಗಂಡ ಶ್ರೀಶೈಲ ಈಗ ಮಗಳನ್ನು ಕೇಳುತ್ತಿದ್ದ. ಅಂದು ಮೂರು ವರ್ಷದ ಮಗುವನ್ನು ಎತ್ತಿಕೊಂಡು ಬಂದಾಗ ಅವನು ತಕರಾರು ಮಾಡದೆ ಸಹಿ ಹಾಕಿದ್ದ. ಕಾಗದದಲ್ಲಿ 'ಪರಸ್ಪರ ಒಪ್ಪಿಗೆಯಿಂದ' ಎಂದಿತ್ತು. ದಾನೇಶ್ವರಿಗೂ ಅಷ್ಟೇ ಬೇಕಿತ್ತು, ಕಾರಣ ಹೇಳುವ ಕಷ್ಟ ತಪ್ಪಿತ್ತು. ಈಗ ಅವನು ಎರಡನೆಯ ಮದುವೆಯಾಗಿ ಮೂರು ವರ್ಷ. ಮಕ್ಕಳಿಲ್ಲ. ತಾಯಿ ದಿನವಿಡೀ ಹಂಚಿನ ಮುಂದಿರುತ್ತಾಳೆ, ಮಗು ಇಂಚರಾ ತಂದೆಯ ಮನೆಯಲ್ಲೇ ಬೆಳೆಯಲಿ ಎಂದು ಅರ್ಜಿ ಹಾಕಿದ್ದ.

ಶ್ರೀಶೈಲ ಒಂದು ದಿನವೂ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ದನಿ ಕೂಡ ಎತ್ತಿದವನಲ್ಲ. ಊರಲ್ಲಿ ಕೇಳಿದರೆ, ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದವನು ಎನ್ನುತ್ತಿದ್ದರು. ಅವನು ಮಾಡುತ್ತಿದ್ದುದು ಮೈಮೇಲೆ ಗುರುತು ಬಿಡುವಂಥದ್ದಲ್ಲ. ಅದು ಇದ್ದದ್ದು ಮೆಲ್ಲನೆಯ ಮಾತಿನಲ್ಲಿ, ಮುಚ್ಚಿದ ಬಾಗಿಲ ಹಿಂದೆ. ಕಡೆಯ ಎರಡು ವರ್ಷ ದಾನೇಶ್ವರಿ ಆ ಮಾತುಗಳನ್ನು ಕದ್ದು ಧ್ವನಿಮುದ್ರಿಸಿ, ಬಚ್ಚಲಮನೆಯಲ್ಲಿ ನಿಂತು ಮೈಗೀಲಿ ಹಾಕಿದ್ದಳು. ಆ ಮನೆಯಲ್ಲಿ ಏನು ನಡೆಯಿತು ಎಂದು ಹೇಳಬಲ್ಲದ್ದು ಆ ಹತ್ತೊಂಬತ್ತು ಕಡತ ಮಾತ್ರ. ಹೊರಬಂದ ಮೇಲೆ ಒಂದನ್ನೂ ತೆರೆದು ಕೇಳಿರಲಿಲ್ಲ. ಮನಸ್ಸು ಬಂದಿರಲಿಲ್ಲ. ತೆರೆಯುವಂತಿದ್ದಾಗ ಬೇಡವಾಗಿದ್ದವು, ಬೇಕಾದಾಗ ತೆರೆಯಲೊಲ್ಲವು.

ಮರುದಿನ ಮೈಗೀಲಿ ಸಂಶೋಧನಾಲಯಕ್ಕೆ ಹೋದಳು. ಡಾ. ಝರೀನಾ ಇನಾಮದಾರ ಅಲ್ಲಿಯ ಮುಖ್ಯ ವಿಜ್ಞಾನಿ. ಮೈಗೀಲಿಯ ನಾಲ್ಕು ಎಳೆಗಳಲ್ಲಿ ಒಂದನ್ನು ಕಂಡುಹಿಡಿದವಳು ಅವಳೇ. ಐವತ್ತೈದು ದಾಟಿದ, ಕನ್ನಡಕವನ್ನು ಸದಾ ತಲೆಯ ಮೇಲೇರಿಸಿ ಆಮೇಲೆ ಹುಡುಕುವ ಹೆಂಗಸು. ಗಣಕವನ್ನು ತಿರುಗಿಸಿ ಮುರುಗಿಸಿ ನೋಡಿ ನಿಟ್ಟುಸಿರು ಬಿಟ್ಟಳು.

"ಒಳಜಳಕ ಮಾಡಿಸೀರಿ, ಹೌದಲ್ಲ?"

"ಮಾಡಿಸೀನ್ರಿ ಅಕ್ಕಾರ. ಆದ್ರ ಕಡತಾ ಎಲ್ಲಾ ಮೊದಲ ನಕಲು ತಗದಿಟ್ಟೀನಿ. ಒಂದಲ್ಲ, ಎರಡ ಕಡೆ."

"ಬೀಗ ಹಾಕಿದ ಪೆಟ್ಟಿಗಿ ಮೂರಾದ್ವು. ಕೀಲಿ ಎಲ್ಲಿ?"

"ಕೀಲಿ ನಾನ ಅಲ್ಲೇನ್ರಿ? ನನ್ನ ಮೈಯೇ ಕೀಲಿ ಅಂತ ನೀವ ಹೇಳೀರಿ."

ಝರೀನಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ನೋಡ್ರಿ, ಮನುಷ್ಯಾರ ಮೈ ಒಂದ ಥರ ಇರೂದಿಲ್ಲ. ವಯಸ್ಸಾಗ್ತದ, ಜ್ವರ ಬರ್ತದ, ದಪ್ಪ ಆಗ್ತೀವಿ, ಸಣ್ಣ ಆಗ್ತೀವಿ. ಇವತ್ತಿನ ಮೈ ನಿನ್ನೀದಲ್ಲ. ಹಂಗಾಗಿ ಮೂಲತಂತ್ರ ಏನು ಮಾಡ್ತದ ಅಂದ್ರ, ದಿನಾ ಮುಂಜಾನೆ ನೀವು ಗಣಕಾ ಹಿಡದ ಕೂಡಲೆ ನಿನ್ನಿನ ಮೈಗೂ ಇವತ್ತಿನ ಮೈಗೂ ಒಂದು ಕೊಂಡಿ ಹಾಕ್ತದ. ನಿನ್ನೆ ಇದ್ದಾಕಿನ ಇವತ್ತೂ ಇದ್ದಾಳ ಅಂತ. ಆರು ವರ್ಷಕ್ಕ ಎರಡು ಸಾವಿರಕ್ಕೂ ಮಿಕ್ಕಿ ಕೊಂಡಿ. ಆ ಸರಪಳಿ ಹಿಡಕೊಂಡು ಇಲ್ಲೀತನಕಾ ನಿಮ್ಮನ್ನ ಗುರುತು ಹಿಡೀತಿತ್ತು."

"ಒಳಜಳಕದಾಗ ಆ ಸರಪಳಿ..."

"ತೊಳಕೊಂಡು ಹೋತು. ಈಗ ಕಡತಕ್ಕ ಗೊತ್ತಿರೂದು ಅವನ್ನ ಮುಚ್ಚಿದ ದಿನಾ ಇದ್ದ ಮೈ ಮಾತ್ರ."

ದಾನೇಶ್ವರಿ ತನ್ನ ಕೈಗಳನ್ನು ನೋಡಿಕೊಂಡಳು. ದಿನಕ್ಕೆ ಇನ್ನೂರೈವತ್ತು ರೊಟ್ಟಿ ಬಡಿಯುವ ಕೈ. ಬಂದ ಹೊಸದರಲ್ಲಿ ಅವಳ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು, ಕೈ ನಡುಗುತ್ತಿತ್ತು. ಚಿಗವ್ವ ಒಂದು ಮಾತೂ ಆಡದೆ ಹರಿದ ರೊಟ್ಟಿಗಳನ್ನು ತಾನೇ ತಿನ್ನುತ್ತಿದ್ದಳು. ಒಂದು ವರ್ಷದ ಮೇಲೆ ನಡುಕ ನಿಂತಿತ್ತು.

"ಹಂಗಾರ ನಾ ನಾನಲ್ಲೇನ್ರಿ?"

"ನೀವು ನೀವ. ಆದ್ರ ಗಣಕಕ್ಕ ಬೇಕಾಗಿರೂದು ಅಂಜಿದಾಕಿ. ನೀವ ಹೇಳಿದಂಗ, ಅದನ್ನ ಒತ್ತಿದ್ದು ಉಸಿರು ಬಿಗಿಹಿಡದು, ಹೊರಗಿನ ಹೆಜ್ಜಿ ಸಪ್ಪಳ ಕೇಳಿಕೋತ. ನಿಮ್ಮ ಕೀಲಿಯೊಳಗ ನಾಲ್ಕಕ್ಕ ಮೂರು ಪಾಲು ಅಂಜಿಕೀನ ಅದ. ಈಗ ನಿಮ್ಮ ಮೈಯಾಗ ಅದು ಇಲ್ಲ. ಇದು ಖುಷಿ ಪಡೂ ಮಾತು. ಇವತ್ತ ಹೇಳಬೇಕಾತು ನೋಡ್ರಿ, ಅದ ಕೆಟ್ಟ ಅನಸ್ತದ."

ಉಪಾಯ ಒಂದೇ ಇತ್ತು. ಹಳೆಯ ಮೈಯನ್ನು ಮತ್ತೆ ಕರೆಯುವುದು. ಹೊಂದಾಣಿಕೆ ನೂರಕ್ಕೆ ತೊಂಬತ್ತು ಮುಟ್ಟಿದರೆ ಬೀಗ ತೆರೆಯುತ್ತದೆ. ಅಂದು ದಾನೇಶ್ವರಿಯದು ಇಪ್ಪತ್ತಾರು ಬಂತು.

ಮೊದಲ ದಿನ ಆರು ಅಂತಸ್ತು ಮೆಟ್ಟಿಲು ಹತ್ತಿಸಿದರು. ನಾಡಿ ಓಡಿತು, ಹೊಂದಾಣಿಕೆ ಇಳಿಯಿತು. ದಣಿದ ಎದೆ ಬೇರೆ, ಅಂಜಿದ ಎದೆ ಬೇರೆ ಎನ್ನುವುದು ಗಣಕಕ್ಕೆ ಚೆನ್ನಾಗಿ ಗೊತ್ತಿತ್ತು. ಎರಡು ದಿನ ನಿದ್ದೆಗೆಡಿಸಿದರು, ಮೂವತ್ತೆಂಟು ಬಂತು. ನಾಲ್ಕನೆಯ ದಿನ ಸಂಶೋಧನಾಲಯದ ಒಂದು ಕೋಣೆಯಲ್ಲಿ ಆ ಬಚ್ಚಲಮನೆಯನ್ನೇ ಕಟ್ಟಿದರು. ಹಸಿರು ಬಕೆಟ್ಟು, ತೊಟ್ಟಿಕ್ಕುವ ನಳ, ಚಿಲಕ ಅರ್ಧ ಮಾತ್ರ ಕೂರುವ ಬಾಗಿಲು, ಎಲ್ಲವನ್ನೂ ದಾನೇಶ್ವರಿಯೇ ನೆನಪಿಸಿಕೊಂಡು ಹೇಳಿದಳು. ಅದರೊಳಗೆ ಒಂದು ಗಂಟೆ ನಿಂತು ಹೊರಬಂದಾಗ ಅವಳ ಮುಖ ಬಿಳಿಚಿತ್ತು. ಹೊಂದಾಣಿಕೆ ಐವತ್ತೇಳು.

"ಇನ್ನೊಂದು ಇತ್ತು," ಎಂದಳು ಝರೀನಾ, ಕಣ್ಣು ತಪ್ಪಿಸಿ. "ನಿಮ್ಮವರು ಯಾವುದೋ ಸಮಾರಂಭದಾಗ ಭಾಷಣಾ ಮಾಡಿದ್ದು ಸಿಕ್ಕದ. ಆ ದನಿ ಕೇಳಿಸಬೇಕು."

"ಕೇಳಿಸ್ರಿ."

ಗಿಡ ನೆಡುವುದರ ಬಗ್ಗೆ ಭಾಷಣ ಅದು. ಅದರಲ್ಲಿ ಹೆದರುವಂಥ ಒಂದು ಅಕ್ಷರವೂ ಇರಲಿಲ್ಲ. ಆದರೂ ಆ ಮೆತ್ತನೆಯ ದನಿ ನಕಲಿ ಬಚ್ಚಲಮನೆಯ ಗೋಡೆಗೆ ತಾಗಿ ಹಿಂದಿರುಗಿದಾಗ ದಾನೇಶ್ವರಿ ಬಾಗಿಲಿನ ಚಿಲಕವನ್ನು ಹಿಡಿದುಕೊಂಡಳು. ಎಪ್ಪತ್ತೊಂದು, ಎಪ್ಪತ್ತಾರು ಎಂದು ಅಂಕಿ ಏರುತ್ತಿದ್ದಂತೆ ಅವಳು ಬಕೆಟ್ಟಿನಲ್ಲಿ ವಾಂತಿ ಮಾಡಿಕೊಂಡಳು. ಝರೀನಾ ದನಿ ನಿಲ್ಲಿಸಿ ಬಾಗಿಲು ತೆಗೆದಳು.

ಮನೆಯಲ್ಲಿ ಅದರ ಫಲ ಕಾಣತೊಡಗಿತು. ರೊಟ್ಟಿ ಮತ್ತೆ ಅಂಚಿನಲ್ಲಿ ಹರಿಯತೊಡಗಿದವು. ಯಾರಾದರೂ ಹಿಂದಿನಿಂದ ಕರೆದರೆ ಬೆಚ್ಚುತ್ತಿದ್ದಳು. ಎಂಟನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಇಂಚರಾಳ ಕೈಯಿಂದ ತಟ್ಟೆ ಜಾರಿ ಬಿತ್ತು. ದಾನೇಶ್ವರಿ ತಟಕ್ಕನೆ ಎದ್ದು ಗೋಡೆಗೆ ಒತ್ತಿಕೊಂಡು ನಿಂತಳು. "ಇಲ್ರಿ, ಇಲ್ರಿ, ನಾನ ಒರಸ್ತೀನ್ರಿ" ಎಂದಳು, ಎದುರಿಗಿದ್ದ ಒಂಬತ್ತು ವರ್ಷದ ಮಗಳಿಗೆ.

ಇಂಚರಾ ತಾಯಿಯನ್ನು ನೋಡಿದಳು. "ಅವ್ವಾ, ನನಗ್ಯಾಕ ರೀ ಅಂತಿ?"

ಕಾಶೀಬಾಯಿ ಚೆಲ್ಲಿದ ಪಲ್ಯ ಬಳಿದು, ಮೊಮ್ಮಗಳನ್ನು ಆಟಕ್ಕೆ ಕಳಿಸಿ, ದಾನೇಶ್ವರಿಯ ಎದುರು ಬಂದು ಕೂತಳು.

"ಆರು ವರ್ಷ ಕಟ್ಟೀವವಾ ನಿನ್ನ. ನಾನೊಬ್ಬಾಕೀನ ಅಲ್ಲ, ಇಡೀ ಕೇಂದ್ರ ಕೂಡಿ ಕಟ್ಟೇತಿ. ಅದನ್ನ ನೀನ ಇಟ್ಟಿಗಿ ಇಟ್ಟಿಗಿ ಬಿಚ್ಚಲಿಕ್ಕೆ ಹತ್ತೀಯಲ್ಲ."

"ಮಗಳು ಹೋಗ್ತಾಳ ಚಿಗವ್ವಾ."

"ಗೊತ್ತೈತಿ. ಉಳಿದ್ರೂ ಯಾವ ಅವ್ವನ ಹತ್ರ ಉಳೀಬೇಕು ಆ ಕೂಸು? ಅದನ್ನೂ ಒಂದೀಟು ಇಚಾರ ಮಾಡು."

ಒಂಬತ್ತನೆಯ ದಿನ ಝರೀನಾಳೇ ಬಂದಳು. ಯಂತ್ರದ ಮಾತು ಬಿಟ್ಟು ಮನುಷ್ಯರ ಮಾತು ಆಡುವಾಗ ಅವಳಿಗೆ ಕನ್ನಡಕ ತಲೆಯಿಂದಿಳಿಸಿ ಒರೆಸುವ ಅಭ್ಯಾಸ. ಒರೆಸುತ್ತಲೇ ಹೇಳಿದಳು: "ಎಂಬತ್ತೆರಡಕ್ಕ ಬಂದೀವಿ. ಇನ್ನ ಎಂಟು. ಅದಕ್ಕ ಅವರನ್ನ ನೀವು ಎದುರಾಎದುರು ನೋಡಬೇಕಾಗ್ತದ. ಬೀಗ ತೆರೀಬಹುದು. ಆದ್ರ ಹೋದ ದಾರೀಲೆ ನಿಮ್ಮನ್ನ ವಾಪಸ್ ಕರಕೊಂಡು ಬರೂದು ನನಗ ಗೊತ್ತಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಾವು ಕೀಲಿ ಮಾಡಾಕ ಕಲತೀವಿ, ಅಷ್ಟ."

ದಾನೇಶ್ವರಿ ಗಣಕವನ್ನು ಎತ್ತಿ ಗೂಡಿನಲ್ಲಿಟ್ಟಳು. ಆಮೇಲೆ, "ಸಾಕ್ರಿ ಅಕ್ಕಾರ. ಇಲ್ಲಿಗೆ ಬಿಡೋಣ" ಎಂದಳು. ಹೇಳಿದ ಮೇಲೆ ಹಗುರವೇನೂ ಆಗಲಿಲ್ಲ. ಮಗಳನ್ನು ತಾನೇ ಕೈಯಾರೆ ಬಿಟ್ಟುಕೊಟ್ಟಂತೆ ಎದೆ ಉರಿಯಿತು. ಆ ಹತ್ತೊಂಬತ್ತರ ಮೇಲೆಯೇ ನಂಬಿಕೆಯಿಟ್ಟಿದ್ದ ಅವಳ ವಕೀಲರು, ಸುದ್ದಿ ಕೇಳಿ, ಅವಿಲ್ಲದೆ ತಾವೇನು ಮಾಡಲಿ ಎಂದು ಕೈಚೆಲ್ಲಿದರು.

ವಿಚಾರಣೆಯ ಹಿಂದಿನ ದಿನ, ಮಧ್ಯಾಹ್ನದ ರೊಟ್ಟಿ ಮುಗಿದು ಹಂಚು ಆರುತ್ತಿದ್ದ ಹೊತ್ತಿಗೆ, ಒಬ್ಬ ಹೆಂಗಸು ಕೇಂದ್ರದ ಬಾಗಿಲಲ್ಲಿ ನಿಂತಳು. ಇಪ್ಪತ್ತೆಂಟರ ಆಸುಪಾಸು. ಕೈಯಲ್ಲಿ ಕರದಂಟಿನ ಡಬ್ಬಿ. ಕಾಶೀಬಾಯಿ ಒಳಗೆ ಮಲಗಿದ್ದಳು, ದಾನೇಶ್ವರಿ ಒಬ್ಬಳೇ ಇದ್ದಳು.

"ನಾನು ವನಮಾಲಾ ರೀ," ಎಂದಳು ಬಂದವಳು. "ಅವರ... ಈಗಿನ ಮನೆಯಾಕಿ."

ದಾನೇಶ್ವರಿ ಮಣೆ ಕೊಟ್ಟಳು, ನೀರು ಕೊಟ್ಟಳು. ಮನೆಗೆ ಬಂದವಳನ್ನು ನಿಲ್ಲಿಸಿ ಮಾತಾಡಿಸುವುದು ಅವಳಿಗೆ ಗೊತ್ತಿರಲಿಲ್ಲ. ವನಮಾಲಾ ಬಾಯಿಪಾಠ ಮಾಡಿದಂತೆ ಹೇಳಿದಳು. ಜಗಳ ಬೇಡ, ಕೂಸನ್ನು ತನ್ನ ಮಗಳಂತೆ ನೋಡಿಕೊಳ್ಳುತ್ತೇನೆ, ಹಬ್ಬಕ್ಕೆ ಕಳಿಸಿಕೊಡುತ್ತೇವೆ, ಅವರು ಬಹಳ ಒಳ್ಳೆಯವರು, ನಾಳೆ ನ್ಯಾಯಾಧೀಶರ ಮುಂದೆಯೂ ಅದನ್ನೇ ಹೇಳುವವಳಿದ್ದೇನೆ. ಹೇಳುವಾಗ ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ಮತ್ತ, ಆ ಗಣಕದ ಬಗ್ಗೆ ಕೇಳಿಕೊಂಡು ಬಾ ಅಂದಾರ್ರಿ," ಎಂದಳು ಕಡೆಗೆ. "ತೆರಿಯೂದಿಲ್ಲ ಅಂತ ವಕೀಲರ ಕಡೆಯಿಂದ ಸುದ್ದಿ ಬಂದದ, ಖರೆ ಏನು ಅಂತ. ಬ್ಯಾರೆಯವರ ಬೆರಳಿಗೆ ತೆರೀತದೇನೋ ಅಂತ ಅವರಿಗೆ ಸಂಶೆ. ನಾ ಬೆರಳಿಟ್ಟು, ಅದು ಒಲ್ಲೆ ಅನ್ನೂದರ ಒಂದು ಚಿತ್ರ ತಗೊಂಡು ಬಾ ಅಂದಾರ. ಇಲ್ಲಂದ್ರ... ತಗೊಂಡು ಹೋದ್ರ ಚಲೋ ಆಗ್ತದ್ರಿ."

ಇಂಥ ಕೆಲಸಕ್ಕೂ ಹೆಂಡತಿಯನ್ನು ಕಳಿಸುವ ಗಂಡನ ಮೇಲೆ ದಾನೇಶ್ವರಿಗೆ ಸಿಟ್ಟು ಬರಬೇಕಿತ್ತು. ಅವಳಲ್ಲಿ ಸಿಟ್ಟಿಗೂ ತ್ರಾಣ ಉಳಿದಿರಲಿಲ್ಲ. ಗೂಡಿನಲ್ಲಿದ್ದ ಗಣಕವನ್ನು ತೆಗೆದು, ಕಡತಗಳ ಸಾಲನ್ನು ಪರದೆಗೆ ತಂದು ಅವಳ ಮುಂದಿಟ್ಟಳು. "ಇಡವಾ, ಇಡು. ನಿಮ್ಮವರಿಗೂ ಸಮಾಧಾನ ಆಗ್ಲಿ."

ವನಮಾಲಾ ಹೆಬ್ಬೆರಳು ಇಟ್ಟಳು. ನೀಲಿ ಬೆಳಕು ಹೊರಟಿತು. ಅಷ್ಟರಲ್ಲಿ ಅವಳ ಕಿವಿಯೋಲೆಯಲ್ಲಿದ್ದ ದೂರವಾಣಿ ಮಿನುಗಿತು.

ಅವಳು ಬೆರಳು ತೆಗೆಯುವುದನ್ನೂ ಮರೆತಳು. ಬೆನ್ನು ನೆಟ್ಟಗಾಯಿತು, ಮುಖ ಗೋಡೆಯ ಕಡೆ ತಿರುಗಿತು. "ಹೂಂ ರೀ... ಮುಟ್ಟೀನ್ರಿ... ಬಾಗಿಲಾ ಅವರ ತೆಗೆದ್ರಿ... ಮೊದಲ ನಾನ ಮಾತಾಡಿದ್ನಿ... ಇಲ್ರಿ. ಇಲ್ರಿ, ನಗಲಿಲ್ರಿ... ಹೂಂ, ಮೊದಲಿಂದ ಹೇಳ್ತೀನ್ರಿ. ಬಾಗಿಲಾ ಅವರ ತೆಗೆದ್ರಿ..."

ದಾನೇಶ್ವರಿಯ ಕೈಯಲ್ಲಿದ್ದ ನೀರಿನ ತಂಬಿಗೆ ಅಲ್ಲೇ ನಿಂತಿತು. ಆ ಕಡೆಯಿಂದ ಏನು ಕೇಳುತ್ತಿದ್ದಾರೆ ಎಂಬುದು ಅವಳಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ.

"ನಮಸ್ಕಾರ, ದಾನೇಶ್ವರಿಯವರೇ," ಎಂದಿತು ಗಣಕ, ವನಮಾಲಾಳ ಬೆರಳಿನ ಕೆಳಗೆ. "ನಿಮ್ಮ ಕಡತಗಳು ಸಿದ್ಧವಾಗಿವೆ." ಮರುಕ್ಷಣ ಮೊದಲನೆಯ ಕಡತ ತಾನಾಗಿ ನುಡಿಯತೊಡಗಿತು. ಎಂಟು ವರ್ಷದ ಹಿಂದಿನ ಮೆತ್ತನೆಯ, ಅವಸರವಿಲ್ಲದ ಗಂಡುದನಿ ಬಿಸಿ ಹಂಚಿನ ವಾಸನೆಯ ಆ ಕೋಣೆಯಲ್ಲಿ ಎದ್ದಿತು: "ಮೊದಲಿಂದ ಹೇಳು. ಬಾಗಿಲಾ ಯಾರು ತೆಗೆದ್ರು? ಮೊದಲ ಯಾರು ಮಾತಾಡಿದ್ರು? ನೀ ನಕ್ಕೇನು? ಇನ್ನೊಮ್ಮೆ ಹೇಳು, ಮೊದಲಿಂದ."

ವನಮಾಲಾ ಕಿವಿಯೋಲೆಯನ್ನು ಮುಟ್ಟಿದಳು, ಕರೆ ನಿಂತಿತು. ಅವಳು ಗಣಕವನ್ನೇ ನೋಡುತ್ತಿದ್ದಳು. ಕಿವಿಯೊಳಗೆ ಈಗಷ್ಟೇ ಕೇಳಿದ್ದು ಹೊರಗಿನಿಂದ ಬರುತ್ತಿತ್ತು.

"ಬೆರಳು ತೆಗೀಬ್ಯಾಡ," ಎಂದಳು ದಾನೇಶ್ವರಿ, ದನಿ ಒಡೆದು. "ಒಂದ್ ನಿಮಿಷ, ತೆಗೀಬ್ಯಾಡ."

ಝರೀನಾಳಿಗೆ ಕರೆ ಮಾಡಿದಳು. ನಡೆದದ್ದನ್ನು ಹೇಳಿದಳು. "ಆಗಲಿಕ್ಕೇ ಸಾಧ್ಯ ಇಲ್ಲ," ಎಂದಳು ಆ ಕಡೆಯಿಂದ ವಿಜ್ಞಾನಿ. "ಎರಡು ಮೈ ಒಂದ ಹುರಿ ಆಗೂದಿಲ್ಲ. ನಾವು ಲಕ್ಷಗಟ್ಟಲೆ ಜನರನ್ನ ನೋಡೀವಿ."

"ಅದು ನನ್ನೂ ಗುರುತು ಹಿಡದಿಲ್ಲ, ಆಕೀನ್ನೂ ಗುರುತು ಹಿಡದಿಲ್ಲರಿ ಅಕ್ಕಾರ. ಅವನನ್ನ ಗುರುತು ಹಿಡೀತು."

ಲಕ್ಷಗಟ್ಟಲೆ ಜನರ ನಾಡಿ ಹಿಡಿದಿದ್ದ ಸಂಶೋಧನಾಲಯ ಒಬ್ಬನೇ ಮನುಷ್ಯನಿಗೆ ಹೆದರಿದ ಇಬ್ಬರನ್ನು ಅಕ್ಕಪಕ್ಕ ಕೂರಿಸಿ ನೋಡಿರಲಿಲ್ಲ. ಅಂಥವರು ಇರುತ್ತಾರೆಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅತಿಯಾದ ಅಂಜಿಕೆಯಲ್ಲಿ ಮೈ ತನ್ನತನವನ್ನೇ ಬಿಟ್ಟುಕೊಡುತ್ತದೆ, ಎಲ್ಲಿ ಉಸಿರು ತಡೆಯಬೇಕು ಎನ್ನುವುದನ್ನೂ ಹೆದರಿಸುವವನೇ ಕಲಿಸುತ್ತಾನೆ. ಮುಂದೆ ಮೈಗೀಲಿಯನ್ನು ಸರ್ಕಾರ ಹಿಂದಕ್ಕೆ ಪಡೆದಾಗ ಝರೀನಾ ತನ್ನ ವರದಿಯಲ್ಲಿ ಬರೆದದ್ದು ಇಷ್ಟೇ.

ಆ ಹೊತ್ತಿನಲ್ಲಿ ಅವಳು ಬೇರೆ ಮಾತು ಹೇಳಿದಳು. "ಕಡತಾ ಗೂಢಲಿಪಿಯಿಂದ ಬಿಡಿಸಿ ನನ್ನ ಕಡೆ ಕಳಿಸ್ರಿ. ಒಂದೊಂದಕ್ಕೂ ಎರಡು ನಿಮಿಷ ಹಿಡೀತದ. ಆಕಿ ಬೆರಳು ಹಂಗ ಇರಬೇಕು. ಮತ್ತ ದಾನೇಶ್ವರಿ, ಕೇಳ್ರಿ... ಆಕಿಗೆ ಸಮಾಧಾನ ಹೇಳಬ್ಯಾಡ್ರಿ. ಆಕಿ ಮೈ ಹಗುರಾತಂದ್ರ ಬೀಗ ಬೀಳ್ತದ."

ದಾನೇಶ್ವರಿ ಅದನ್ನು ಮುಚ್ಚಿಡದೆ ವನಮಾಲಾಳಿಗೆ ಹೇಳಿದಳು. "ನಿನಗ ಬ್ಯಾಡ ಅನಿಸಿದ್ರ ಈಗ ಕೈ ತೆಗಿಯವಾ. ನಾನ ಮಾಡಲಾರದೆ ಬಿಟ್ಟ ಕೆಲಸ ಇದು. ನಿನ್ನ ಕಡೆ ಮಾಡಸೂದು ನ್ಯಾಯ ಅಲ್ಲ."

ವನಮಾಲಾ ಕೈ ತೆಗೆಯಲಿಲ್ಲ. ಹಣೆಯ ಮೇಲೆ ಬೆವರು ಮೂಡಿತ್ತು. ಕಿವಿಯೋಲೆ ಮತ್ತೆ ಮಿನುಗಿತು, ನಿಂತಿತು, ಮತ್ತೆ ಮಿನುಗಿತು. ಪ್ರತಿ ಸಲ ಮಿನುಗಿದಾಗಲೂ ಅವಳ ಭುಜ ಕುಗ್ಗುತ್ತಿತ್ತು, ಪರದೆಯ ಅಂಕಿ ಏರುತ್ತಿತ್ತು. ತೊಂಬತ್ತಾರು. ತೊಂಬತ್ತೇಳು. ಒಂದು ಕಡತ ಹೋಯಿತು, ಎರಡು, ಐದು. ದಾನೇಶ್ವರಿ ಎದುರಿಗೆ ಕೂತು, ಕೈಗಳನ್ನು ತನ್ನ ತೊಡೆಯ ಕೆಳಗೆ ಹಾಕಿಕೊಂಡು, ಆ ಅಂಕಿ ನೋಡುತ್ತಿದ್ದಳು. ಅಂಕಿ ಏರಿದಾಗ ಮನಸ್ಸಿಗೆ ಸಂತೋಷವಾಗುತ್ತಿತ್ತು. ಆ ಸಂತೋಷಕ್ಕೆ ಅವಳಿಗೇ ನಾಚಿಕೆಯಾಯಿತು.

ಹತ್ತನೆಯ ಕಡತದ ಹೊತ್ತಿಗೆ ವನಮಾಲಾ ಅಳತೊಡಗಿದಳು. ಹನ್ನೆರಡನೆಯದಕ್ಕೆ ಅಳು ನಿಂತಿತು. ಅವಳ ಮುಖದಲ್ಲಿ ಬೇರೆ ಏನೋ ಬರುತ್ತಿತ್ತು. ತಾನೊಬ್ಬಳೇ ಅಲ್ಲ ಎನ್ನುವುದು ಮೈಗೆ ತಿಳಿಯತೊಡಗಿತ್ತೇನೋ. ತೊಂಬತ್ನಾಲ್ಕು. ತೊಂಬತ್ತೆರಡು. ಹದಿನಾಲ್ಕನೆಯ ಕಡತ ಹೋಗುವಷ್ಟರಲ್ಲಿ ತೊಂಬತ್ತೊಂದಕ್ಕೆ ಇಳಿಯಿತು. ಕಡೆಯ ಐದರಲ್ಲೇ ಮಗುವಿನ ಮುಂದೆ ಆಡಿದ ಮಾತುಗಳಿದ್ದವು. ನಾಳೆ ಎಲ್ಲಕ್ಕಿಂತ ಬೇಕಾದವು ಅವು.

ಅಂಕಿಯನ್ನು ಏರಿಸುವುದು ಹೇಗೆಂದು ದಾನೇಶ್ವರಿಗೆ ಗೊತ್ತಿತ್ತು. ಮೆಲ್ಲಗೆ, ಅವಸರವಿಲ್ಲದೆ, 'ಮೊದಲಿಂದ ಹೇಳು' ಎಂದರೆ ಸಾಕು. ಆ ದನಿಯ ಏರಿಳಿತ ಅವಳಿಗೆ ಬಾಯಿಗೆ ಬರುತ್ತಿತ್ತು, ಒಂದೇ ಒಂದು ಸಲ ಅಂದರೆ ಐದೂ ಕಡತ ಹೊರಬರುತ್ತಿದ್ದವು, ಮಗಳು ಉಳಿಯುತ್ತಿದ್ದಳು. ಅವಳು ಬಾಯಿ ತೆರೆದಳು. ಎದುರಿಗಿದ್ದ ಹೆಂಗಸು ಥಟ್ಟನೆ ತಲೆ ಎತ್ತಿ ಅವಳ ಬಾಯಿಯನ್ನೇ ನೋಡಿದಳು, ಏಟಿಗೆ ಕಾದಂತೆ.

ದಾನೇಶ್ವರಿ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. "ಅಂಜಬ್ಯಾಡವಾ ನನ ತಂಗಿ," ಎಂದಳು. "ಸಾಕು. ಇನ್ನ ಅಂಜಬ್ಯಾಡ."

ಹಾಗೆ ಎಷ್ಟು ಹೊತ್ತು ಇದ್ದರೋ. ಗಣಕದ ನೀಲಿ ಬೆಳಕು ಆರಿದ್ದನ್ನು ಮೊದಲು ನೋಡಿದವಳು ವನಮಾಲಾ. ಪರದೆಯ ಮೇಲೆ ಐದು ಹೆಸರುಗಳು ಮುಚ್ಚಿಕೊಂಡೇ ಉಳಿದಿದ್ದವು. ದಾನೇಶ್ವರಿ ಅವನ್ನು ನೋಡಿ ಕಣ್ಣೊರೆಸಿಕೊಂಡಳು.

ಕಿವಿಯೋಲೆ ಮತ್ತೆ ಮಿನುಗತೊಡಗಿತ್ತು. ವನಮಾಲಾ ಅದನ್ನು ಬಿಚ್ಚಿ ಹಿಟ್ಟಿನ ಪರಾತದ ಪಕ್ಕ ಇಟ್ಟಳು.

"ಉಳಿದ ಐದು ನಾಳೆ ನ್ಯಾಯಾಧೀಶರ ಮುಂದ ನಾ ಹೇಳ್ತೀನಿ ಅಕ್ಕಾ," ಎಂದಳು. "ಅಲ್ಲಿ ಏನೇನದ ಅಂತ ನಾ ಕೇಳಬೇಕಾಗಿಲ್ಲ."